ತಾರೀಖು ಮೇಸ್ತ್ರಿ

ಹೊಲಿಗೆಯಮ್ಮ ಮೇಸ್ತ್ರಿಯನ್ನು ಮೊದಲ ಸಲ ಕಂಡದ್ದು ಒಂದು ಫೆಬ್ರವರಿ ಒಂಬತ್ತನೇ ತಾರೀಖಿನ ಬೆಳಿಗ್ಗೆ. ಅಂಗಡಿಯ ಬಾಗಿಲು ತೆರೆದರೆ, ಐವತ್ತು ದಾಟಿದ ಗಂಡಸೊಬ್ಬರು ಬಾಗಿಲ ಪಕ್ಕದ ಗೋಡೆಗೆ ಕಿವಿಯೊತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಹೆಗಲಲ್ಲೊಂದು ಚೀಲ, ರೆಪ್ಪೆಗೂದಲ ಮೇಲೆಲ್ಲ ಸುಣ್ಣದ ಪುಡಿ.

“ಯಾರ್ರೀ ಅದು? ಬೆಳಬೆಳಿಗ್ಗೆ ನನ್ನ ಗೋಡೆ ಹತ್ರ ಏನು ಗುಟ್ಟು?”

“ಒಂದು ನಿಮಿಷ ತಾಯಿ, ಮಾತಾಡಬೇಡಿ.” ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಕಡೆ ಕುಟ್ಟಿ ನೋಡಿ ಅವರು ಕಣ್ಣು ತೆರೆದರು. “ಪೊಳ್ಳಾಗಿಲ್ಲ, ಒಳ್ಳೇದು. ಈ ಬಾಡಿಗೆ ಮನೆ ಯಜಮಾನರು ಕಳಿಸಿದ್ರು. ಬಿರುಕು ಬಿಟ್ಟಿದೆ ಅಂತ.”

ಬಿರುಕು ಬಿಟ್ಟದ್ದು ನಿಜ. ಬಾಗಿಲ ಮೇಲಿನ ಮೂಲೆಯಿಂದ ಹೊರಟು, ಮಹಡಿಯ ಕಿಟಕಿಯ ಕಡೆಗೆ ಓರೆಯಾಗಿ ಹತ್ತಿಹೋಗಿತ್ತು. ಅಗಲ, ಆಕೆಯ ಕಣ್ಣಳತೆಯಲ್ಲಿ, ಕಾಜಾ ಹೊಲಿಯುವ ದಾರದಷ್ಟು. ಮೇಸ್ತ್ರಿ ಬಿರುಕಿನ ಎಡಕ್ಕೊಂದು ಬಲಕ್ಕೊಂದು ರಂಧ್ರ ಕೊರೆದು, ಎರಡು ಹಿತ್ತಾಳೆ ಮೊಳೆಗಳನ್ನು ಗಾರೆಯಲ್ಲಿ ಕೂರಿಸಿದರು. ಗಾರೆ ಬಿಗಿಯಲೆಂದು ಕಾಯುವಾಗ ಆಕೆ ಒಳಗೆ ಕರೆದು ಚಹಾ ಕೊಟ್ಟಳು. ಅವರು ಚಹಾ ಕುಡಿಯುವುದು ಬಿಟ್ಟು, ಕೋಣೆಯ ತುಂಬ ಹರಡಿಕೊಂಡಿದ್ದ ಬಟ್ಟೆ ಕತ್ತರಿಸುವ ಮೇಜನ್ನೇ ನೋಡತೊಡಗಿದರು.

“ಇದು ಬಾಗಿಲಿಗಿಂತ ದೊಡ್ಡದಿದೆ. ಒಳಗೆ ಹೇಗೆ ಬಂತು?”

“ಬರಲೇ ಇಲ್ಲ. ನಮ್ಮ ಮನೆಯವರು ಇಲ್ಲೇ ಕೂತು ಮಾಡಿದ್ದು. ಹೊರಗೆ ಹೋಗೋ ಯೋಚನೆ ಅವರಿಗಿರಲಿಲ್ಲ. ಮೇಜು ಉಳೀತು, ಅವರು ಹೋದ್ರು. ಇವತ್ತಿಗೆ ಸರಿಯಾಗಿ ಒಂದು ವರ್ಷ.”

“ಇವತ್ತಿಗೆ ಸರಿಯಾಗಿನಾ?”

ಹೀಗೆ ಯಾರೂ ಕೇಳುವುದಿಲ್ಲ. ಅಯ್ಯೋ ಪಾಪ ಎನ್ನುತ್ತಾರೆ, ಇಲ್ಲವೇ ಲೋಟ ಕೆಳಗಿಟ್ಟು ನೆಲ ನೋಡುತ್ತಾರೆ. ಆಕೆಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

“ಅಲ್ಲ,” ಎಂದಳು. “ನಾಳೆಗೆ.”

ಮೇಸ್ತ್ರಿ ತಲೆದೂಗಿದರು. “ಎಷ್ಟೋ ಜನರನ್ನ ಕೇಳಿದ್ದೀನಿ ತಾಯಿ. ‘ಏನೋ ಬಿಡಿ, ಇವತ್ತೋ ನಾಳೆಯೋ’ ಅಂತಾರೆ. ತಿದ್ದಿಕೊಂಡವರು ನೀವೊಬ್ರೇ.”

ಗಾರೆ ಬಿಗಿದ ಮೇಲೆ ಚೀಲದಿಂದ ಕೈವಾರ ತೆಗೆದರು. ಶಾಲೆಯ ಮಕ್ಕಳ ಪೆಟ್ಟಿಗೆಯಲ್ಲಿರುವಂಥದ್ದೇ, ಆದರೆ ದೊಡ್ಡದು, ಕಬ್ಬಿಣದ್ದು, ಎರಡೂ ಕಾಲಿಗೆ ಮುಳ್ಳು. ಎರಡು ಮೊಳೆಗಳ ನೆತ್ತಿಯಲ್ಲಿ ಕೊರೆದ ಚುಕ್ಕಿಗಳ ಮೇಲೆ ಎರಡು ಕಾಲನ್ನಿಟ್ಟು ತಿರುಪು ಬಿಗಿದರು. ಆಮೇಲೆ ಅಂಗೈಯಗಲದ ಒಂದು ತಗಡು. ಅದರ ಎಡ ಅಂಚಿಗೆ ನೆಟ್ಟಗೆ ಎಳೆದ ಗೆರೆಯ ಮೇಲೆ ಕೈವಾರದ ಎಡಗಾಲು ಊರಿ, ಬಲಗಾಲು ಬಿದ್ದ ಕಡೆ ಒಂದು ಚುಚ್ಚು ಹಾಕಿದರು. ಅಷ್ಟೇ ಕೆಲಸ.

“ಮುಂದಿನ ವರ್ಷ ಇದರ ಕೆಳಗೆ ಇನ್ನೊಂದು ಚುಚ್ಚು. ಅದು ಇದರ ನೇರಕ್ಕೆ ಬಿದ್ರೆ ಗೋಡೆ ಅಲ್ಲಾಡಿಲ್ಲ ಅಂತ. ಹೊರಗೆ ಬಿದ್ರೆ ಅಲ್ಲಾಡಿದೆ ಅಂತ. ಮೊಳೆ ಮುಟ್ಟಬೇಡಿ, ಒರೆಸಬೇಡಿ. ಬರೋ ವರ್ಷ ಒಂಬತ್ತಕ್ಕೆ ಬರ್ತೀನಿ, ಬಿಸಿಲು ಗೋಡೆಗೆ ಬೀಳೋ ಮುಂಚೆ.”

ಬೀದಿಯ ಮಕ್ಕಳು ಮೊಳೆ ಕೀಳದಿರಲೆಂದು ಆಕೆ ಅಂದೇ ಸಂಜೆ ದಪ್ಪ ಬಟ್ಟೆಯ ಒಂದು ಮುಚ್ಚಳ ಹೊಲಿದು, ಅವುಗಳ ಮೇಲೆ ಇಳಿಬಿಟ್ಟಳು.

ಹೇಳಿದಂತೆ ಮೇಸ್ತ್ರಿ ಬಂದರು. ಮರುವರ್ಷವೂ ಬಂದರು, ಅದರ ಮರುವರ್ಷವೂ. ರಜಾದಿನವಾಗಲಿ, ಮೈ ಸುಡುವ ಜ್ವರವಾಗಲಿ, ಒಂಬತ್ತನೇ ತಾರೀಖು ಬೆಳಿಗ್ಗೆ ಬಟ್ಟೆಯ ಮುಚ್ಚಳ ಎತ್ತುವ ಸದ್ದು ಕೇಳಿಸುತ್ತಿತ್ತು. ಒಂದು ವರ್ಷ ಅವರ ಮಗನ ಮದುವೆಯೇ ಆ ದಿನಕ್ಕೆ ಬಿತ್ತು. ಆಗಲೂ ಹೊಸ ಬಟ್ಟೆಯಲ್ಲೇ ಹಾಜರು. ಆಕೆ ಗಾಬರಿಯಾಗಿ ಸುಣ್ಣ ತಾಗದಿರಲೆಂದು ಅವರ ಹೆಗಲಿಗೆ ಹಳೆಯ ದುಪ್ಪಟಿ ಹೊದೆಸಿ, “ಅಣ್ಣಾ, ಅಲ್ಲಿ ನಿಮ್ಮ ಸೊಸೆ ಕಾಯ್ತಿರ್ತಾಳೆ, ಇಲ್ಲಿ ಗೋಡೆ ನೇವರಿಸ್ತಾ ನಿಂತಿದ್ದೀರಲ್ಲ!” ಎಂದು ಗದರಿದಳು.

“ಸೊಸೆ ಬರೋದು ಇವತ್ತು, ತಂಗಿ. ಗೋಡೆ ಮುಂಚೆಯಿಂದ ಇದೆ.”

ಅಂದಿನಿಂದ ಅವರು ಅಣ್ಣ, ಆಕೆ ತಂಗಿ. ಬೀದಿ ಅವರಿಗೆ ತಾರೀಖು ಮೇಸ್ತ್ರಿ ಎಂದು ಹೆಸರಿಟ್ಟಿತು. ಎದುರುಮನೆಯ ಕ್ಷೌರಿಕ ಅವರನ್ನು ಕಂಡೊಡನೆ, “ಓ, ಇವತ್ತು ಒಂಬತ್ತು! ಕ್ಯಾಲೆಂಡರ್ ತರೋ ಖರ್ಚು ಉಳೀತು,” ಎಂದು ಕೂಗುತ್ತಿದ್ದ. ಮೇಸ್ತ್ರಿ ತಿರುಗಿಯೂ ನೋಡದೆ, “ನಿನ್ನ ಕತ್ತರಿಗೂ ಒಂದು ತಾರೀಖು ಇಡು, ಸಾಣೆ ಹಿಡಿಯೋಕೆ,” ಎನ್ನುತ್ತಿದ್ದರು.

ಆಕೆಗೆ ಅಕ್ಷರ ಅಷ್ಟಕ್ಕಷ್ಟೆ. ತಗಡಿನ ಭಾಷೆಗೆ ಅಕ್ಷರ ಬೇಕಿರಲಿಲ್ಲ. ಮೇಸ್ತ್ರಿ ಆಕೆಯ ಹೆಬ್ಬೆರಳ ಉಗುರನ್ನು ಮೊದಲ ಚುಚ್ಚಿನ ಮೇಲಿಡಿಸಿ, ಕೆಳಕ್ಕೆ ಎಳೆಯಲು ಹೇಳಿದರು. ಉಗುರು ಒಂದು ಗುಳಿಯಿಂದ ಇನ್ನೊಂದಕ್ಕೆ ಅತ್ತಿತ್ತ ಓಲದೆ ನೆಟ್ಟಗೆ ಜಾರಿತು. ಚೆನ್ನಾಗಿ ಹಾಕಿದ ಹೊಲಿಗೆಯ ಮೇಲೆ ಜಾರಿದಂತೆಯೇ ಇತ್ತು.

ಹೊಲಿಗೆಯಮ್ಮನ ಮಗಳಿಗೆ ಮದುವೆಯಾಯಿತು. ಅಳಿಯ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವನು. ಅಂಗಡಿಯ ಮೇಲಿನ ಮಹಡಿಯ ಕೋಣೆಯನ್ನೇ ಬಾಡಿಗೆಗೆ ಹಿಡಿದ. ಬಿರುಕಿನ ಮೇಲ್ತುದಿ ಇದ್ದದ್ದು ಆ ಕೋಣೆಯ ಕಿಟಕಿಯ ಕೆಳಗೆ. ಅವನು ಮೊದಲ ಸಲ ಮೇಸ್ತ್ರಿಯ ಕೆಲಸ ನೋಡಿದ ದಿನ ಶನಿವಾರ. ಶಾಲೆಗೆ ಹೊರಟವನು ನಿಂತ.

“ಮೇಸ್ತ್ರಿಗಳೇ, ನಿಮಗೋಸ್ಕರಾನೇ ಇಂಗ್ಲಿಷ್‌ನಲ್ಲಿ ಒಂದು ಮಾತಿದೆ ಗೊತ್ತಾ? ‘ಟು ದ ಡೇ’ ಅಂತ.”

“ಹಾಗಂದ್ರೆ?”

“ಹತ್ತು ವರ್ಷ ಆಯ್ತು ಅಂದ್ರೆ ಸುಮಾರು ಹತ್ತು ಅಂತಲೂ ಆಗಬಹುದು. ಹಿಂದುಗಡೆ ‘ಟು ದ ಡೇ’ ಸೇರಿಸಿದ್ರೆ ಮುಗೀತು. ಅದೇ ತಿಂಗಳು, ಅದೇ ತಾರೀಖು, ಒಂದು ದಿನ ಆಚೀಚೆ ಇಲ್ಲ. ‘ಕೆಲಸಕ್ಕೆ ಸೇರಿ ಇವತ್ತಿಗೆ ಸರಿಯಾಗಿ ಐದು ವರ್ಷ’ ಅಂತೀವಲ್ಲ, ಹಾಗೆ. ನಮ್ಮ ಹುಡುಗರು ಎಲ್ಲೆಂದರಲ್ಲಿ ಅಂಟಿಸಿಬಿಡ್ತಾರೆ. ‘ಸುಮಾರು ಐದು ವರ್ಷ ಟು ದ ಡೇ’ ಅಂತ ಬರೀತಾರೆ. ಸೊನ್ನೆ ಹಾಕ್ತೀನಿ.”

“ಸರಿಯಾಗೇ ಹಾಕ್ತೀರಿ.” ಮೇಸ್ತ್ರಿ ಬಾಯ್ತುಂಬ ನಕ್ಕರು. “ಸುಮಾರು ಅನ್ನೋನು ಆ ಮಾತನ್ನ ಮುಟ್ಟಲೇಬಾರದು.”

“ಅದು ಭಾಷೆಗಾಯ್ತು. ಗೋಡೆಗೇನು? ನಾಳೆ ಭಾನುವಾರ, ಆರಾಮಾಗಿ ನಾಳೆ ಬಂದಿದ್ರೆ ಗೋಡೆ ಮುನಿಸಿಕೊಳ್ತಿತ್ತಾ?”

“ಒಂದು ದಿನಕ್ಕೆ ಏನೂ ಆಗಲ್ಲ ಅಳಿಯಂದಿರೇ. ಆದ್ರೆ ಈ ವರ್ಷ ಒಂದು ದಿನ ಬಿಟ್ಟವನು ಬರೋ ವರ್ಷ ವಾರ ಬಿಡ್ತಾನೆ, ಅದರ ಮುಂದಿನ ವರ್ಷ ತಿಂಗಳು. ಗೋಡೆಗೂ ಚಳಿ ಬಿಸಿಲು ಉಂಟು. ಚಳೀಲಿ ಕುಗ್ಗುತ್ತೆ, ಬಿರುಕು ಬಾಯಿ ಬಿಡುತ್ತೆ. ಬಿಸಿಲಿಗೆ ಹಿಗ್ಗುತ್ತೆ, ಬಾಯಿ ಮುಚ್ಚಿಕೊಳ್ಳುತ್ತೆ. ಫೆಬ್ರವರಿದನ್ನ ಫೆಬ್ರವರಿ ಜೊತೇಲೇ ಅಳೀಬೇಕು. ಇಲ್ಲದಿದ್ರೆ ಗೋಡೆ ಸುಳ್ಳು ಹೇಳುತ್ತೆ.” ಅವರು ಕೈವಾರವನ್ನು ಬಟ್ಟೆಯಲ್ಲಿ ಸುತ್ತಿದರು. “ಒಬ್ಬ ಮೇಸ್ತ್ರಿ ಇದ್ದ. ಜನವರೀಲಿ ಮೊಳೆ ಹೊಡೆದ. ಮನೆಯವರು ಜೀವ ಕೈಯಲ್ಲಿ ಹಿಡಿದು ಕೂತಿದ್ರು. ಏಪ್ರಿಲ್‌ನಲ್ಲಿ ಕರೆದು, ನೋಡು ನೋಡು ಅಂತ ಗೋಗರೆದ್ರು. ಅವನು ಅಳೆದ. ಬಿರುಕು ಕಿರಿದಾಗಿತ್ತು. ‘ಗೋಡೆ ತಾನಾಗೇ ಕೂಡಿಕೊಳ್ತಿದೆ, ನಿಶ್ಚಿಂತೆಯಾಗಿ ಮಲಗಿ’ ಅಂದ. ಅವರು ಮಲಗಿದ್ರು. ಮುಂದಿನ ಚಳಿಗಾಲದಲ್ಲಿ ಗೋಡೆ ಬಿತ್ತು. ತಾಯಿ ಹೋದಳು, ಪಕ್ಕದಲ್ಲಿದ್ದ ಮಗು ಉಳೀತು.”

ಅಳಿಯ ಶಾಲೆಯ ಚೀಲವನ್ನು ಹೆಗಲಿಂದ ಇಳಿಸಿದ.

“ಅವನು ಆಮೇಲೆ ಕರಣೆ ಮುಟ್ಟಲಿಲ್ಲ,” ಎಂದರು ಮೇಸ್ತ್ರಿ. “ನನ್ನಪ್ಪ. ಆವಾಗ ಗಾರೆ ಕಲಸ್ತಿದ್ದವನು ನಾನು. ಆ ಗೋಡೇನ ನಾನೇ ಮತ್ತೆ ಕಟ್ಟಿದೆ. ಮುಗಿಸಿದ್ದು ಫೆಬ್ರವರಿ ಹದಿನೇಳು. ವರ್ಷಾ ವರ್ಷಾ ಹದಿನೇಳಕ್ಕೆ ಹೋಗಿ ಅಳೆದು ಬರ್ತೀನಿ. ಆ ಮಗು ಈಗ ಅಜ್ಜಿ. ಇವತ್ತಿನವರೆಗೂ ನನ್ನ ಹತ್ರ ಒಂದು ಮಾತಾಡಿಲ್ಲ. ಆದ್ರೆ ಆ ದಿನ ಬೆಳಿಗ್ಗೆ ಬಾಗಿಲು ತೆಗೆದಿಟ್ಟು, ಒಳಗೆ ಹೋಗಿ ಕೂತಿರ್ತಾಳೆ.”

ಅಂದಿನಿಂದ ಅಳಿಯ ಆ ದಿನದ ಬಗ್ಗೆ ತಮಾಷೆ ಮಾಡಲಿಲ್ಲ. ಮೇಸ್ತ್ರಿಯೇ ಬಂದೊಡನೆ ಅವನನ್ನು ಕೆಣಕುತ್ತಿದ್ದರು: “ಏನು ಅಳಿಯಂದಿರೇ, ಟು ದ ಡೇ?” ಅವನು ಎದ್ದು ನಿಂತು, “ಟು ದ ಡೇ, ಸಾರ್,” ಎನ್ನುತ್ತಿದ್ದ.

ಹಾಗೆ ಒಂಬತ್ತು ಚುಚ್ಚುಗಳು ಒಂದರ ಕೆಳಗೊಂದು ನೇರ ನಿಂತವು. ಮಗಳಿಗೆ ಗಂಡುಮಗು ಹುಟ್ಟಿತು.

ಅಷ್ಟರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ದೊಡ್ಡ ಕಟ್ಟಡವೆಂದು ಗುಂಡಿ ತೋಡಲು ಶುರುಮಾಡಿದರು. ಯಂತ್ರ ನೆಲ ಕುಟ್ಟಿದಾಗ ಹೊಲಿಗೆಯಮ್ಮನ ಮೇಜಿನ ಮೇಲೆ ಗುಂಡುಸೂಜಿಗಳು ಕುಣಿಯುತ್ತಿದ್ದವು. ಜನವರಿಯ ಕೊರೆಯುವ ಚಳಿಯಲ್ಲಿ ಒಂದು ಬೆಳಿಗ್ಗೆ ಮನೆ ಯಜಮಾನ ಟಾರ್ಚು ಹಿಡಿದು ಬಂದ. ಬಿರುಕಿಗೆ ಬೆಳಕು ಬಿಟ್ಟು, ಉಗುರು ತೂರಿಸಿ ತೋರಿಸಿದ.

“ನೋಡಿ ಅಮ್ಮಾವ್ರೇ, ನೋಡಿ! ಉಗುರೇ ಹೋಗುತ್ತೆ! ಇನ್ನು ನಿಮ್ಮನ್ನ ಇಲ್ಲಿ ಇಟ್ಟುಕೊಂಡ್ರೆ ನಾಳೆ ನನ್ನ ತಲೆಗೆ ಬರುತ್ತೆ. ಬೇಗ ಖಾಲಿ ಮಾಡಿ. ಮೇಲಿನವರೂ ಅಷ್ಟೇ.”

ಪಕ್ಕದ ಕಟ್ಟಡದವರು ಈ ಜಾಗವನ್ನೂ ಕೇಳಿದ್ದಾರೆಂದು ಬೀದಿಗೆಲ್ಲ ಗೊತ್ತಿತ್ತು. ಆ ಬಾಗಿಲು ನೋಡಿ ಬರುವ ಗಿರಾಕಿಗಳು, ಆ ಮೇಜು, ಎರಡು ಕೋಣೆ. ಅಷ್ಟೇ ಆಕೆಯ ಬದುಕು. ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಗೊಡುವವನಲ್ಲ ಯಜಮಾನ. ಆದರೆ ಬಿರುಕು ಅಗಲವಾಗಿ ಕಂಡದ್ದೂ ಸುಳ್ಳಲ್ಲ.

ಹೇಳಿ ಕಳಿಸಿದ್ದಕ್ಕೆ ಮೇಸ್ತ್ರಿ ಬಂದರು. ವರ್ಷದೊಳಗೇ ತುಂಬ ಬಡವಾಗಿದ್ದರು. ಬಲಗೈಯನ್ನು ಶಾಲಿನೊಳಗಿನಿಂದ ಹೊರತೆಗೆಯಲೇ ಇಲ್ಲ. ಚಳಿ ಇರಬೇಕು ಎಂದುಕೊಂಡಳು. ಚೀಲ ಬಿಚ್ಚದೆ ಗೋಡೆಯನ್ನು ಸುಮ್ಮನೆ ನೋಡಿದರು.

“ಅಳೀರಿ ಅಂತ ತಾನೇ ಕರೆಸಿದ್ದು!” ಯಜಮಾನ ಸಿಡುಕಿದ. “ನಾಟಕ ನೋಡೋಕಲ್ಲ.”

“ಈಗ ಅಳೆದು ಏನು ಬೇಕಾದ್ರೂ ಹೇಳಬಹುದು. ನಮ್ಮಪ್ಪ ಹೇಳಿದ ಹಾಗೆ. ಯಾವ ಜನವರೀಲೂ ನಾನು ಇದನ್ನ ಅಳೆದಿಲ್ಲ. ಪ್ರತಿ ಚಳಿಗೂ ಇಷ್ಟೇ ಬಾಯಿ ಬಿಡುತ್ತೋ, ಈ ಸಲ ಮಾತ್ರವೋ, ನನಗೇನು ಗೊತ್ತು? ಒಂಬತ್ತರವರೆಗೆ ತಡ್ಕೊಳ್ಳಿ.”

“ಆವತ್ತು ಸರಿಯಾಗಿದ್ರೆ?”

“ಸರಿಯಾಗಿದ್ರೆ ಈಯಮ್ಮನ ತಂಟೆಗೆ ಬರಬಾರದು. ಸರಿದಿದ್ರೆ ಆ ಗಳಿಗೇಲೇ ನಾನೇ ಇವರನ್ನ ಹೊರಗೆ ಕರ್ಕೊಂಡು ಹೋಗ್ತೀನಿ. ಒಪ್ಪಿಗೇನಾ?”

ಒಪ್ಪದಿದ್ದರೆ ಬೀದಿಯವರ ಬಾಯಿಗೆ ಬೀಳಬೇಕು. ಕ್ಷೌರಿಕ ಆಗಲೇ ಕತ್ತರಿ ಹಿಡಿದು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ. ಯಜಮಾನ ಟಾರ್ಚು ಆರಿಸಿ, “ಆಯ್ತು, ನನ್ನ ಮಾತು ಮಾತೇ,” ಎಂದ.

ಹೊರಡುವ ಮುಂಚೆ ಮೇಸ್ತ್ರಿ ಆಕೆಯನ್ನು ಬದಿಗೆ ಕರೆದರು. “ಅಲ್ಲಿತನಕ ಆ ಗೋಡೆ ಹತ್ರ ಯಾರೂ ಮಲಗಬೇಡಿ. ಮಗಳನ್ನೂ ಕೂಸನ್ನೂ ಹಿಂದಿನ ಕೋಣೆಗೆ ತಂದ್ಕೋ.”

“ಅಣ್ಣಾ, ನಿಮಗೆ ಏನನ್ನಿಸುತ್ತೆ? ನಿಜ ಹೇಳಿ.”

“ಅನ್ನಿಸೋದನ್ನ ಹೇಳಿ ಒಬ್ಬ ತಾಯೀನ ಕೊಂದಿದ್ದೀವಿ ತಂಗಿ. ಅನ್ನಿಸೋದು ಕೇಳಬೇಡ.”

ಆ ದಿನಗಳನ್ನು ಕಳೆದದ್ದು ಆಕೆಗೇ ಗೊತ್ತು. ನಾಲ್ಕು ಜೀವ ಹಿಂದಿನ ಒಂದು ಕೋಣೆಯಲ್ಲಿ. ಮಗು ಅತ್ತರೆ ಮಗಳು ಗೋಡೆ ನೋಡುವಳು, ಗೋಡೆಯಿಂದ ಚೂರು ಪುಡಿ ಉದುರಿದರೆ ತಾಯಿಯನ್ನು ನೋಡುವಳು.

“ಅಮ್ಮ, ಈ ಮೇಜಿನ ಮೇಲಿನ ಆಸೆಗೆ ನಮ್ಮನ್ನೆಲ್ಲ ಕೂರಿಸಿದ್ದೀಯ.”

“ಮೇಜಿನ ಆಸೆಗಲ್ಲ ಕಣೇ. ಆ ತಾರೀಖಿನ ಆಸೆಗೆ.”

ಹೇಳಿದ್ದು ಹಾಗೆ. ಆದರೆ ಮೇಜಿನ ಅಂಚನ್ನು ಸವರದೆ ಆಕೆ ಒಂದು ದಿನವೂ ದೀಪ ಆರಿಸಲಿಲ್ಲ. ಬಿರುಕು ಅಗಲವಾಗಿದೆ ಎಂದು ಒಂದು ಕ್ಷಣ, ಇಲ್ಲ ಇಷ್ಟೇ ಇತ್ತು ಎಂದು ಮರುಕ್ಷಣ. ಮುಚ್ಚಳದ ಬಟ್ಟೆ ಎತ್ತಿ ಮೊಳೆ ನೋಡಿದಳೇ ಹೊರತು ಬೆರಳು ಸೋಕಿಸಲಿಲ್ಲ.

ಒಂಬತ್ತನೇ ತಾರೀಖು ಬಂತು. ಬೆಳಕು ಹರಿಯುವಾಗಲೇ ಆಕೆ ಬಾಗಿಲು ತೆರೆದು ನಿಂತಳು. ಯಜಮಾನ ಬಂದು ಗೋಡೆಗೇ ಒರಗಿ ನಿಂತ. ಎದುರಿನ ಮನೆಯ ಸೂರನ್ನು ದಾಟಿ ಬಿಸಿಲು ಮೊದಲು ಮಹಡಿಯ ಕಿಟಕಿಗೆ ಬೀಳುತ್ತಿತ್ತು, ಅಲ್ಲಿಂದ ನಿಧಾನ ಕೆಳಗಿಳಿಯುತ್ತಿತ್ತು. ಮೊಳೆಗಳಿಗೆ ಮುಟ್ಟುವಷ್ಟರಲ್ಲಿ ಮೇಸ್ತ್ರಿ ಚೀಲ ಹೆಗಲಿಗೇರಿಸಿ ಹೊರಟಿರುತ್ತಿದ್ದರು. ಈ ದಿನ ಬಿಸಿಲು ಕಿಟಕಿಗೆ ಬಂದರೂ ಅವರ ಸುಳಿವಿಲ್ಲ.

“ತಾರೀಖು ಮೇಸ್ತ್ರಿಗೆ ತಾರೀಖೇ ಮರೆತುಹೋಯ್ತಾ?” ಯಜಮಾನ ನಕ್ಕ. “ಬಿಸಿಲು ಬಿದ್ಮೇಲೆ ಅಳೆದ್ರೆ ಲೆಕ್ಕಕ್ಕಿಲ್ಲ ಅಂತ ಅವರೇ ಹೇಳ್ತಿದ್ರು. ಆಮೇಲೆ ನನ್ನನ್ನ ಅನ್ನಬೇಡಿ.”

ಒಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದವರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ವಯಸ್ಸಿನಲ್ಲಿ ಓಡಿದಳು. ಎರಡು ಬೀದಿ ದಾಟಿ, ಸುಣ್ಣದ ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಮೇಸ್ತ್ರಿಯ ಮನೆಗೆ ನುಗ್ಗಿದಳು.

ಮೇಸ್ತ್ರಿ ಮಂಚದ ಅಂಚಿನಲ್ಲಿ ಕೂತಿದ್ದರು. ಕಾಲಿಗೆ ಚಪ್ಪಲಿ, ಹೆಗಲಿಗೆ ಚೀಲ. ಹೊರಟು ನಿಂತವರೇ. ಬಲಗೈ ಮಾತ್ರ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದಿತ್ತು.

“ನೋಡಿ ಅತ್ತೆ, ಹೊಸ ವರ್ಷದಿಂದ ಆ ಕೈಲಿ ಲೋಟ ಹಿಡಿಯೋಕಾಗ್ತಿಲ್ಲ,” ಎಂದಳು ಸೊಸೆ. “ಯಾರಿಗೂ ಹೇಳಬೇಡ ಅಂದ್ರು. ಒಂಬತ್ತರ ಹೊತ್ತಿಗೆ ಸರಿಹೋಗುತ್ತೆ ಅಂತ ದಿನಾ ಎಣ್ಣೆ ಹಚ್ಚಿಸಿಕೊಂಡ್ರು. ಇವತ್ತು ನೋಡಿದ್ರೆ ಕಾಲೂ ಏಳ್ತಿಲ್ಲ.”

“ಮಾತು ಸಾಕು,” ಎಂದರು ಮೇಸ್ತ್ರಿ. ನಾಲಿಗೆ ತೊದಲುತ್ತಿತ್ತು. ಎಡಗೈಯಿಂದ ಚೀಲವನ್ನು ಆಕೆಯ ಕಡೆ ನೂಕಿದರು. “ನೀನೇ ಅಳೆ.”

“ನಾನಾ? ಅಣ್ಣಾ, ನಾನು ಸೂಜಿಯವಳು.”

“ಅದಕ್ಕೇ. ಒತ್ತಬೇಡ, ಇಡು. ತಿರುಪು ಬಿಗಿದ ಮೇಲೆ ಕಾಲು ಮುಟ್ಟಬೇಡ. ಎಡಗಾಲು ಗೆರೆ ಮೇಲೆ. ಬಿಸಿಲು ಎಲ್ಲಿಗೆ ಬಂತು?”

“ಕಿಟಕಿಗೆ.”

“ಇಲ್ಲೇನು ಮಾಡ್ತಿದ್ದೀಯ ಮತ್ತೆ? ಓಡು!”

ಚೀಲವನ್ನು ಎದೆಗವಚಿಕೊಂಡು ಹಿಂದಕ್ಕೆ ಬಂದಾಗ ಬಿಸಿಲಿನ ಅಂಚು ಮೊಳೆಗಳಿಗಿಂತ ಒಂದು ಗೇಣು ಮೇಲಿತ್ತು. ಮಗಳು ಕೂಸನ್ನೆತ್ತಿಕೊಂಡು ಬೀದಿಯ ಆಚೆ ಬದಿಗೆ ನಿಂತಿದ್ದಳು, ಪಕ್ಕದಲ್ಲಿ ಅಳಿಯ. ಕ್ಷೌರಿಕನೂ ಅಂಗಡಿ ಬಿಟ್ಟು ಇಳಿದು ಬಂದಿದ್ದ. ಆಕೆ ಮುಚ್ಚಳ ಎತ್ತಿದಳು. ಕೈವಾರದ ಎರಡು ಮುಳ್ಳುಗಳನ್ನು ಎರಡು ಚುಕ್ಕಿಗೆ ಇಟ್ಟಳು. ಓಡಿ ಬಂದ ಕೈ. ಮುಳ್ಳು ಚುಕ್ಕಿಯಿಂದ ಜಾರಿದ್ದು ಆಕೆಗೇ ಗೊತ್ತಾಯಿತು, ಆದರೂ ಗಾಬರಿಯಲ್ಲಿ ತಗಡಿಗೊಂದು ಚುಚ್ಚು ಹಾಕಿಬಿಟ್ಟಳು. ಅದು ಹಳೆಯ ಒಂಬತ್ತು ಚುಚ್ಚುಗಳ ಸಾಲಿನಿಂದ ಎಷ್ಟೋ ದೂರ ಬಿತ್ತು.

“ಇದಲ್ಲ,” ಎಂದಳು. “ಇದು ಕೈ ತಪ್ಪಿದ್ದು.”

“ಓಹೋ! ಬೇಕಾದ್ದು ಬರೋವರೆಗೂ ಚುಚ್ಚೋದಾ?” ಎಂದ ಯಜಮಾನ.

ಆಕೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಸೂಜಿಗೆ ದಾರ ಪೋಣಿಸುವಾಗ ಹಿಡಿಯುವಂತೆ ಉಸಿರು ಹಿಡಿದಳು. ಇಟ್ಟಳು. ಬಿಗಿದಳು. ಚುಚ್ಚಿದಳು. ತಿರುಪು ಸಡಿಲಿಸಿ ಮತ್ತೆ ಮೊದಲಿಂದ ಇಟ್ಟಳು, ಬಿಗಿದಳು, ಚುಚ್ಚಿದಳು. ಎರಡನೆಯ ಚುಚ್ಚೂ ಮೂರನೆಯದೂ ಒಂದರ ನೇರಕ್ಕೊಂದು ಬಿದ್ದವು. ಕೈವಾರವನ್ನು ಕೆಳಗಿಟ್ಟಾಗ ಬಿಸಿಲು ಮೊಳೆಯ ನೆತ್ತಿಗೆ ಬಂದು ಹಿತ್ತಾಳೆ ಫಳಕ್ಕೆಂದಿತು.

ಉಗುರನ್ನು ಮೊದಲ ವರ್ಷದ ಗುಳಿಯ ಮೇಲಿಟ್ಟು ಕೆಳಕ್ಕೆ ಎಳೆದಳು. ಒಂದರಿಂದ ಇನ್ನೊಂದಕ್ಕೆ ಇಳಿಯಿತು, ನೆಟ್ಟಗೆ. ಒಂಬತ್ತನೆಯದನ್ನು ದಾಟಿ ಇನ್ನೂ ಕೆಳಗೆ ಬಂದಾಗ ಗುಳಿ ಸಿಗಲಿಲ್ಲ. ಉಗುರು ನುಣ್ಣನೆ ತಗಡಿನ ಮೇಲೆ ಜಾರಿಹೋಯಿತು. ಬಲಕ್ಕೆ ಸರಿಸಿದಳು. ಸಿಕ್ಕಿತು. ಕಾಜಾ ದಾರ ಒಂದರಷ್ಟು ಆಚೆ.

ಯಜಮಾನ ಆಕೆಯ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. “ನನಗೇನೂ ತಿಳೀತಿಲ್ಲ. ಆ ಕೈ ತಪ್ಪಿದ್ದು ಬಿಟ್ರೆ ಎಲ್ಲ ಒಂದೇ ಥರ ಕಾಣುತ್ತೆ. ಏನಂತೆ?”

ಆ ಬೀದಿಯಲ್ಲಿ ಆ ತಗಡನ್ನು ಓದಬಲ್ಲವಳು ಆಕೆಯೊಬ್ಬಳೇ. ‘ಸರಿಯಾಗಿದೆ’ ಎಂದರೆ ಸಾಕಿತ್ತು, ಅವನು ಮಾತಿಗೆ ಕಟ್ಟುಬಿದ್ದಿದ್ದ. ತೆರೆದ ಬಾಗಿಲಿಂದ ಮೇಜಿನ ಮೂಲೆ ಕಾಣುತ್ತಿತ್ತು. ಗಂಡನ ಉಳಿಯ ಗುರುತು ಆ ಮೂಲೆಯಲ್ಲಿ ಇನ್ನೂ ಇತ್ತು. ಆಚೆ ಬದಿಯಲ್ಲಿ ಕೂಸು ತಾಯಿಯ ಕೂದಲು ಜಗ್ಗುತ್ತಿತ್ತು.

“ಸರಿದಿದೆ,” ಎಂದಳು.

ಯಜಮಾನನಿಗೆ ಬೇಕಿದ್ದ ಮಾತೇ ಅದು. ಆದರೂ ಅವನ ಮುಖ ಹುಳ್ಳಗಾಯಿತು. ಇಷ್ಟು ಹೊತ್ತೂ ಒರಗಿದ್ದ ಗೋಡೆಯಿಂದ ಬೆನ್ನು ಕಿತ್ತು ಬೀದಿಯ ನಡುವಿಗೆ ಹಾರಿದ.

“ಎಷ್ಟು?” ಅಳಿಯ ಅಲ್ಲಿಂದಲೇ ಕೇಳಿದ.

“ಒಂದು ದಾರ.”

“ಒಂದು ದಾರ ತಾನೇ, ಅತ್ತೆ...”

“ಇಷ್ಟು ವರ್ಷ ಅರ್ಧ ದಾರ ಸರಿಯದ ಗೋಡೆ. ಆ ಗಳಿಗೇಲೇ ಅಂತ ಅಣ್ಣ ಹೇಳಿದ್ದಾರೆ. ಗರಗಸ ಎಲ್ಲಾದ್ರೂ ಸಿಗುತ್ತಾ ನೋಡಿ.”

ಮಧ್ಯಾಹ್ನದೊಳಗೆ ಯಜಮಾನ ಓಡಾಡಿ ಮರದ ದಿಮ್ಮಿ ತರಿಸಿ ಗೋಡೆಗೆ ಆಸರೆ ಕೊಡಿಸಿದ. ಅದನ್ನು ಇಳಿಸಿ ಹೊಸದಾಗಿ ಕಟ್ಟಬೇಕೆಂದು ಅವನ ಬಾಯಿಂದಲೇ ಬಂತು. ಪಾತ್ರೆ ಪಗಡೆ, ಹೊಲಿಗೆ ಯಂತ್ರ, ತೊಟ್ಟಿಲು ಎಲ್ಲ ಹೊರಗೆ ಬಂದವು. ಮೇಜನ್ನು ಅಳಿಯನೂ ಕ್ಷೌರಿಕನೂ ಸೇರಿ ನಡುವೆ ಕುಯ್ದರು. ಆಕೆ ನಿಂತು ನೋಡಿದಳು. “ಗೆರೆ ಮೇಲೇ ಕುಯ್ಯಿರಿ, ಓರೆ ಆದ್ರೆ ಮತ್ತೆ ಕೂಡಲ್ಲ,” ಎಂದು ಎರಡು ಸಲ ಹೇಳಿದಳು. ಅಳಿಯನ ಗೆಳೆಯನೊಬ್ಬನ ಖಾಲಿ ಕೋಣೆಗೆ ಮೇಜಿನ ಎರಡು ತುಂಡು ಕೈಗಾಡಿಯಲ್ಲಿ ಹೋದವು.

ಸಂಜೆ ಆಕೆ ಚೀಲ ಹಿಡಿದು ಮೇಸ್ತ್ರಿಯ ಮನೆಗೆ ಬಂದಳು. ಅವರನ್ನು ಮಲಗಿಸಿದ್ದರು. ಚಪ್ಪಲಿ ಮಾತ್ರ ಬಿಚ್ಚಲು ಬಿಟ್ಟಿರಲಿಲ್ಲ. ತಗಡನ್ನು ಎಡಗೈಗೆ ಕೊಟ್ಟಳು. ಹೆಬ್ಬೆರಳ ಉಗುರು ನಿಧಾನ ಇಳಿಯಿತು. ಒಂಬತ್ತನ್ನು ದಾಟಿದ ಮೇಲೆ ನಿಂತಿತು, ಬಲಕ್ಕೆ ಹೋಯಿತು. ಎಲ್ಲೋ ದೂರ ಬಿದ್ದಿದ್ದ ಆ ಒಂಟಿ ಚುಚ್ಚೂ ಸಿಕ್ಕಿತು.

“ಕೈ ನಡುಗ್ತಾ?”

“ಮೊದಲ ಸಲ ನಡುಗ್ತು. ಆಮೇಲೆ ಎರಡು ಸಲ ಇಲ್ಲ.”

“ಹೊರಗೆ ಬಂದ್ರಾ?”

“ಎಲ್ಲರೂ. ಮೇಜೂ.”

ಅವರು ಕಣ್ಣು ಮುಚ್ಚಿದರು. ಗೋಡೆಗೆ ಕಿವಿಯೊತ್ತಿ ನಿಂತಿದ್ದಾಗಿನ ಅದೇ ಮುಖ. “ಸರಿದಿದೆ ಅಂತ ಬಾಯಿಬಿಟ್ಟು ಹೇಳೋದು ಕಷ್ಟ ತಂಗಿ,” ಎಂದರು, ಒಂದೊಂದೇ ಮಾತನ್ನು ಎತ್ತಿಡುತ್ತ. “ಎದುರಿಗೆ ನಿಂತವರು ಬೇರೆ ಮಾತು ಕೇಳಬೇಕು ಅಂತ ಕಾಯ್ತಿರ್ತಾರೆ. ಅಪ್ಪನಿಗೆ ಆಗಲಿಲ್ಲ.”

ಸೊಸೆ ದೀಪ ಹಚ್ಚಿ ಹೋದಳು. ಹೊಲಿಗೆಯಮ್ಮ ಕೈವಾರವನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟಳು. ಮೇಸ್ತ್ರಿ ಅದನ್ನು ಎಡಗೈಯಿಂದ ತಡಕಿ, ಮತ್ತೆ ಆಕೆಯ ಮಡಿಲ ಕಡೆಗೇ ನೂಕಿದರು. ಚೀಲದ ತಳದಲ್ಲಿ ಇನ್ನೊಂದು ತಗಡಿತ್ತು. ಹಳೆಯದು, ಅಂಚು ಸವೆದದ್ದು. ಚುಚ್ಚಿನ ಸಾಲು ಉದ್ದಕ್ಕೂ ನೇರ ಇಳಿದು, ಇನ್ನೊಂದೆರಡಕ್ಕೆ ಮಾತ್ರ ಜಾಗ ಉಳಿದಿತ್ತು. ಅದು ಯಾವ ಗೋಡೆಯದೆಂದು ಆಕೆ ಕೇಳಲಿಲ್ಲ.

“ಅವಳು ಬಾಗಿಲು ತೆಗೆದಿಡ್ತಾಳೆ,” ಎಂದರು ಮೇಸ್ತ್ರಿ. “ಮಾತಾಡಲ್ಲ. ತಪ್ಪು ತಿಳೀಬೇಡ.” ಆಮೇಲೆ ಆಕೆಯನ್ನು ಕೇಳಿದ್ದು ಒಂದೇ ಮಾತು.

“ತಂಗಿ, ಹದಿನೇಳಕ್ಕೆ ಎಲ್ಲಿರ್ತೀಯ?”